ಒಂದೇ ತಕ್ಕಡಿಗೆ ಎರಡು ತೂಕದ ಕಲ್ಲು

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದ ಮೇಲೆ ನಡೆದ ದಾಳಿಯಲ್ಲಿ ನಮ್ಮ ಕರ್ನಾಟಕದ ವೈದ್ಯವಿದ್ಯಾರ್ಥಿಯೊಬ್ಬ ಬಲಿಯಾದ ಸುದ್ದಿ ಬಂದಂದಿನಿಂದ, ಆ ಯುದ್ಧ ನಮ್ಮ ಮನೆಗಳ ಪಾಲಿಗೆ ಪರದೇಶದ ವಾರ್ತೆಯಾಗಿ ಉಳಿಯಲಿಲ್ಲ. ಮಕ್ಕಳನ್ನು ಓದಲು ದೂರದೇಶಗಳಿಗೆ ಕಳುಹಿಸಿರುವ ತಾಯಿತಂದೆಗಳು, ಕಳುಹಿಸಬೇಕೆಂದಿರುವವರು ಕೂಡ, ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ರಷ್ಯಾಕ್ಕೂ ಪಾಶ್ಚಾತ್ಯರಿಗೂ ಈ ಹಗೆತನ ಎಲ್ಲಿಂದ ಮೊದಲಾಯಿತು? ನಡುವೆ ಸಿಕ್ಕವರ ಗತಿ ಏನು?"

ಇದಕ್ಕೆ ಉತ್ತರವನ್ನು ಉಕ್ರೇನಿನಲ್ಲಿಯೇ ಹುಡುಕಿದರೆ ಅರ್ಧ ಕಥೆ ಮಾತ್ರ ದೊರೆಯುತ್ತದೆ. ಅದಕ್ಕೂ 14 ವರ್ಷ ಹಿಂದೆ, ಇನ್ನೂ ಚಿಕ್ಕದಾದ ಒಂದು ನಾಡಿನಲ್ಲಿ ಇದೇ ಆಟವನ್ನು ಇದೇ ಮಾತುಗಳಿಂದ ಆಡಲಾಗಿತ್ತು. ಆ ನಾಡಿನ ಹೆಸರು ಜಾರ್ಜಿಯಾ. ಅಮೆರಿಕದಲ್ಲಿ ಇದೇ ಹೆಸರಿನ ಒಂದು ರಾಜ್ಯವುಂಟು. ನಾವು ಹೇಳುತ್ತಿರುವುದು ಅದಲ್ಲ. ಕಪ್ಪುಸಮುದ್ರದ ಪೂರ್ವದ ದಡದಲ್ಲಿ, ಕಾಕಸಸ್ ಪರ್ವತಶ್ರೇಣಿಯ ದಕ್ಷಿಣಕ್ಕೆ ಇರುವ ಪ್ರಾಚೀನ ದೇಶವಿದು. ಕರ್ನಾಟಕದ ವಿಸ್ತೀರ್ಣದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಪರ್ವತದ ಆಚೆ ರಷ್ಯಾ, ದಕ್ಷಿಣಕ್ಕೆ ತುರ್ಕಿ ಮತ್ತು ಆರ್ಮೇನಿಯಾ, ಪೂರ್ವಕ್ಕೆ ತೈಲಸಂಪನ್ನವಾದ ಅಜರ್‌ಬೈಜಾನ್. ಇಂತಹ ಸ್ಥಳದಲ್ಲಿ ಮನೆ ಕಟ್ಟಿಕೊಂಡವನಿಗೆ ನೆರೆಹೊರೆಯವರ ದೃಷ್ಟಿ ತಪ್ಪುವುದಿಲ್ಲ.

ಜಾರ್ಜಿಯಾದ ಒಳಗೆ ಬೇರೆ ಭಾಷೆ, ಬೇರೆ ಮೂಲದ ಎರಡು ಚಿಕ್ಕ ಜನಾಂಗಗಳಿವೆ. ಸಮುದ್ರದ ದಡದಲ್ಲಿ ಅಬ್ಖಾಜರು. ಪರ್ವತದ ತಪ್ಪಲಿನಲ್ಲಿ ಒಸ್ಸೆಟಿಯನರು. ಸೋವಿಯತ್ ಆಳ್ವಿಕೆಯಲ್ಲಿ ಇವರಿಗೆ ಜಾರ್ಜಿಯಾ ಗಣರಾಜ್ಯದೊಳಗೇ ಸ್ವಾಯತ್ತ ಪ್ರದೇಶಗಳಿದ್ದವು. ದಕ್ಷಿಣ ಒಸ್ಸೆಟಿಯಾ ಎಂಬ ಪ್ರದೇಶ ನಮ್ಮ ಕೊಡಗು ಜಿಲ್ಲೆಗಿಂತಲೂ ತುಸು ಚಿಕ್ಕದು. 1989ರ ಜನಗಣತಿಯಲ್ಲಿ ಅಲ್ಲಿದ್ದವರು ಒಂದು ಲಕ್ಷಕ್ಕೂ ಕಡಿಮೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಒಸ್ಸೆಟಿಯನರು, ಉಳಿದವರಲ್ಲಿ ಬಹುಪಾಲು ಜಾರ್ಜಿಯನರು. ಹಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಕೊಡುಕೊಳ್ಳುವ ಸಂಬಂಧವೂ ಧಾರಾಳವಾಗಿತ್ತು.

ಸೋವಿಯತ್ ಒಕ್ಕೂಟ ಕುಸಿಯತೊಡಗಿದಾಗ ಜಾರ್ಜಿಯನರು ತಮ್ಮ ಸ್ವಾತಂತ್ರ್ಯವನ್ನು ಕೇಳಿದರು. ಅದು ನ್ಯಾಯವೇ. ಆದರೆ ತಮಗೆ ಬೇಕೆಂದ ಹಕ್ಕನ್ನು ತಮ್ಮೊಳಗಿನ ಅಲ್ಪಸಂಖ್ಯಾತರಿಗೆ ಕೊಡಲು ಅವರ ಮುಖಂಡರು ಸಿದ್ಧರಿರಲಿಲ್ಲ. 1990ರ ಡಿಸೆಂಬರಿನಲ್ಲಿ ದಕ್ಷಿಣ ಒಸ್ಸೆಟಿಯಾದ ಸ್ವಾಯತ್ತತೆಯನ್ನೇ ರದ್ದುಮಾಡಲಾಯಿತು. ಮರುತಿಂಗಳೇ ರಕ್ತಪಾತ ಆರಂಭವಾಯಿತು. ರಾಜಧಾನಿ ತ್ಸ್ಖಿನ್ವಾಲಿ ಮುತ್ತಿಗೆಗೆ ಒಳಗಾಯಿತು. ಊರ ಸ್ಮಶಾನಕ್ಕೆ ಹೋಗುವ ದಾರಿ ಎದುರಾಳಿಗಳ ವಶದಲ್ಲಿದ್ದುದರಿಂದ, ಸತ್ತವರನ್ನು ಅಲ್ಲಿನ 5ನೆಯ ಶಾಲೆಯ ಅಂಗಳದಲ್ಲಿಯೇ ಹೂಳಬೇಕಾಯಿತು. ಆ ಗೋರಿಗಳು ಇಂದಿಗೂ ಶಾಲೆಯ ಆವರಣದಲ್ಲಿಯೇ ಇವೆ. ಮಕ್ಕಳು ಆಡಬೇಕಾದ ಜಾಗದಲ್ಲಿ ಅಣ್ಣಂದಿರ ಗೋರಿಗಳನ್ನು ನೋಡುತ್ತ ಬೆಳೆದ ಒಂದು ಪೀಳಿಗೆಗೆ "ನೀವು ಜಾರ್ಜಿಯಾದ ಪ್ರಜೆಗಳು" ಎಂದು ಹೇಳಿದರೆ ಅದು ಹೇಗೆ ಕೇಳಿಸೀತು?

ಅಬ್ಖಾಜಿಯಾದಲ್ಲಿ ಕಥೆ ತಿರುವುಮುರುವಾಯಿತು. 1992ರ ಆಗಸ್ಟಿನಲ್ಲಿ ಜಾರ್ಜಿಯಾದ ಪಡೆಗಳು ಅಲ್ಲಿಗೆ ನುಗ್ಗಿದವು. 1993ರ ಸೆಪ್ಟೆಂಬರಿನಲ್ಲಿ ಸುಖುಮಿ ನಗರ ಅಬ್ಖಾಜರ ವಶವಾಯಿತು. ಅಲ್ಲಿನ ಜನಸಂಖ್ಯೆಯಲ್ಲಿ ಅಬ್ಖಾಜರು ಐದರಲ್ಲಿ ಒಂದು ಪಾಲೂ ಇರಲಿಲ್ಲ. ಜಾರ್ಜಿಯನರೇ ಅರ್ಧದ ಹತ್ತಿರ ಇದ್ದರು. ಆ ಜಾರ್ಜಿಯನರಲ್ಲಿ ಸುಮಾರು ಎರಡು ಲಕ್ಷ ಮಂದಿ ಮನೆಮಠ ಬಿಟ್ಟು ಓಡಿದರು. ಹಿಮದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟುತ್ತ ದಾರಿಯಲ್ಲಿಯೇ ಸತ್ತವರೂ ಉಂಟು. ರಾಜಧಾನಿ ತ್ಬಿಲಿಸಿಯ ನಡುಮಧ್ಯದಲ್ಲಿದ್ದ ಇವೇರಿಯಾ ಎಂಬ ಬಹುಮಹಡಿಯ ಹೋಟೆಲನ್ನು ನಿರಾಶ್ರಿತರಿಗೆ ಬಿಟ್ಟುಕೊಡಲಾಯಿತು. ಒಂದು ಕೊಠಡಿಗೆ ಒಂದು ಸಂಸಾರ. ಮೊಗಸಾಲೆಗಳಿಗೆ ಹಲಗೆ, ತಗಡು ಹೊಡೆದು ಅಡುಗೆಮನೆ. 2004ರಲ್ಲಿ ಅವರನ್ನು ತೆರವು ಮಾಡಿಸುವವರೆಗೆ, ಅಂದರೆ ಹತ್ತು ವರ್ಷಕ್ಕೂ ಮಿಕ್ಕಿ, ಆ ಹೋಟೆಲಿನ ಕೊಠಡಿಗಳಲ್ಲಿ ಮಕ್ಕಳು ಹುಟ್ಟಿ ಬೆಳೆದರು. ಯಾವ ಕಡೆಯ ದುಃಖ ದೊಡ್ಡದು ಎಂದು ತೂಗಲು ಹೊರಡುವುದು ನಮಗೆ ಸಲ್ಲದು. ಎರಡೂ ಕಡೆ ದುಃಖವಿತ್ತು, ಎರಡೂ ಕಡೆ ಅಪರಾಧವೂ ಇತ್ತು ಎಂಬುದನ್ನು ಮಾತ್ರ ನೆನಪಿನಲ್ಲಿಡೋಣ. ಏಕೆಂದರೆ ಮುಂದೆ ಬಂದ ದೊಡ್ಡವರು ಇದನ್ನೇ ಮರೆಯಿಸಿದರು.

ಕದನವಿರಾಮವಾದ ಮೇಲೆ ಎರಡೂ ಪ್ರದೇಶಗಳಲ್ಲಿ ಶಾಂತಿಪಾಲನೆಯ ಹೊಣೆ ಬಹುಮಟ್ಟಿಗೆ ರಷ್ಯಾದ ಸೈನಿಕರ ಕೈಗೆ ಹೋಯಿತು. ಜಗಳಕ್ಕೆ ಒಳಗಿನಿಂದ ಕಿಚ್ಚು ಹೊತ್ತಿಸಿದವರಲ್ಲಿ ಒಬ್ಬನೇ ಪಂಚನೂ ಆದ ಹಾಗಾಯಿತು. ಆದರೂ ಜನರು ತಮ್ಮಷ್ಟಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ತ್ಸ್ಖಿನ್ವಾಲಿಯ ಅಂಚಿನಲ್ಲಿ ಎರ್ಗ್ನೇತಿ ಎಂಬಲ್ಲಿ ಒಂದು ದೊಡ್ಡ ಸಂತೆ ಬೆಳೆಯಿತು. ರಷ್ಯಾದಿಂದ ಸುರಂಗಮಾರ್ಗವಾಗಿ ಗೋಧಿಹಿಟ್ಟು, ಇಂಧನ, ಸಿಗರೇಟು. ಜಾರ್ಜಿಯಾದ ಕಡೆಯಿಂದ ಹಣ್ಣು, ತರಕಾರಿ. ಸುಂಕವಿಲ್ಲದ ಕಳ್ಳವ್ಯಾಪಾರವೇ ಸರಿ. ಕೆಟ್ಟ ಜನರೂ ಅಲ್ಲಿ ಸೇರುತ್ತಿದ್ದರು. ಆದರೆ ಹತ್ತು ವರ್ಷ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಅಲ್ಲಿ ಪಕ್ಕಪಕ್ಕದ ಅಂಗಡಿಗಳಲ್ಲಿ ಕುಳಿತು ಚೌಕಾಸಿ ಮಾಡುತ್ತಿದ್ದರು. 2003ರ ನವೆಂಬರಿನ ಗುಲಾಬಿ ಕ್ರಾಂತಿಯ ನಂತರ ಅಧಿಕಾರಕ್ಕೆ ಬಂದ ಅಧ್ಯಕ್ಷ ಮಿಖೈಲ್ ಸಾಕಾಶ್ವಿಲಿಯವರ ಸರ್ಕಾರ ಕಳ್ಳಸಾಗಣೆಯನ್ನು ತಡೆಯುವ ಹೆಸರಿನಲ್ಲಿ 2004ರಲ್ಲಿ ಆ ಸಂತೆಯನ್ನು ಮುಚ್ಚಿಸಿತು. ಅದೇ ಬೇಸಗೆಯಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು. ಸರ್ಕಾರಗಳ ದಫ್ತರಗಳಲ್ಲಿ ಸಂತೆಗೆ ಅಂಥ ಬೆಲೆ ಇರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಈ ಇಡೀ ವೃತ್ತಾಂತದಲ್ಲಿ ನಡೆದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಇಷ್ಟರಲ್ಲಿ ದೊಡ್ಡವರು ತಮ್ಮ ತಮ್ಮ ಕಾಯಿಗಳನ್ನು ಇಡತೊಡಗಿದ್ದರು. ಕ್ಯಾಸ್ಪಿಯನ್ ಸಮುದ್ರದ ತೈಲವನ್ನು ರಷ್ಯಾದ ನೆಲ ಮುಟ್ಟಿಸದೆ ಮೆಡಿಟರೇನಿಯನ್ ದಡಕ್ಕೆ ಒಯ್ಯಲು ಬಾಕು, ತ್ಬಿಲಿಸಿ, ಜೇಹಾನ್ ನಗರಗಳ ಮೂಲಕ 1,768 ಕಿಲೋಮೀಟರ್ ಉದ್ದದ ಕೊಳವೆಮಾರ್ಗವನ್ನು ಪಾಶ್ಚಾತ್ಯ ಕಂಪನಿಗಳು ನಿರ್ಮಿಸಿದವು. 2006ರಲ್ಲಿ ತೈಲ ತುರ್ಕಿಯ ಬಂದರನ್ನು ಮುಟ್ಟಿತು. 2002ರಿಂದಲೇ ಅಮೆರಿಕದ ಅಧಿಕಾರಿಗಳು ಜಾರ್ಜಿಯಾದ ಸೈನಿಕರಿಗೆ ತರಬೇತಿ ನೀಡುತ್ತಿದ್ದರು. ಪ್ರತಿಯಾಗಿ ಜಾರ್ಜಿಯಾ ತನ್ನ ಸೈನಿಕರನ್ನು ಇರಾಕಿಗೆ ಕಳುಹಿಸಿತು. ರಷ್ಯಾ ಸುಮ್ಮನಿರಲಿಲ್ಲ. ಅಬ್ಖಾಜರಿಗೂ ಒಸ್ಸೆಟಿಯನರಿಗೂ ಅದು ಧಾರಾಳವಾಗಿ ತನ್ನ ಪಾಸ್‌ಪೋರ್ಟುಗಳನ್ನು ಹಂಚಿತು. ಕಾಗದದ ಈ ಪುಸ್ತಕವೇ ಮುಂದೆ "ನಮ್ಮ ನಾಗರಿಕರ ರಕ್ಷಣೆ" ಎಂಬ ನೆಪವಾಗಲಿದೆ ಎಂಬುದನ್ನು ಬಲ್ಲವರು ಬಲ್ಲವರಾಗಿದ್ದರು. 2006ರಲ್ಲಿ ಜಾರ್ಜಿಯಾದ ದ್ರಾಕ್ಷಾರಸವನ್ನೂ ಬೊರ್ಜೋಮಿಯ ಖನಿಜಜಲವನ್ನೂ ರಷ್ಯಾ ನಿಷೇಧಿಸಿತು. ದ್ರಾಕ್ಷಿ ಬೆಳೆಯುವ ರೈತನಿಗೆ ರಾಜಕೀಯದ ಬಿಸಿ ತಾಗಿದ್ದು ಹೀಗೆ.

ಇಲ್ಲಿ ಓದುಗರು ನಮ್ಮೊಡನೆ ಸ್ವಲ್ಪ ಪಶ್ಚಿಮಕ್ಕೆ, ಬಾಲ್ಕನ್ ಪ್ರದೇಶದ ಕೊಸೊವೊಗೆ ಬರಬೇಕು. ಅಲ್ಲಿ ನಡೆದುದನ್ನು ತಿಳಿಯದೆ ಜಾರ್ಜಿಯಾದಲ್ಲಿ ನಡೆದುದು ಅರ್ಥವಾಗುವುದಿಲ್ಲ. ಕೊಸೊವೊ ಸರ್ಬಿಯಾದ ಒಂದು ಪ್ರಾಂತ್ಯ. ಅಲ್ಲಿ ಬಹುಸಂಖ್ಯಾತರು ಆಲ್ಬೇನಿಯನರು. ಅವರ ಮೇಲೆ ನಡೆದ ದಮನ ಘೋರವಾದುದು. ಅದನ್ನು ನಿಲ್ಲಿಸುವುದಕ್ಕಾಗಿ ಎಂದು ನೇಟೋ ಕೂಟ 1999ರ ಮಾರ್ಚ್ 24ರಿಂದ 78 ದಿನಗಳ ಕಾಲ ಯುಗೊಸ್ಲಾವಿಯದ ಮೇಲೆ ಬಾಂಬು ಸುರಿಸಿತು. ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. ರಷ್ಯಾ ಮತ್ತು ಚೀನಾ ಅದಕ್ಕೆ ಒಪ್ಪುವಂತಿರಲಿಲ್ಲ. ಯುದ್ಧ ಮುಗಿದು ನೇಟೋ ಸೇನೆ ಒಳಬರುವ ಮುನ್ನವೇ, ಜೂನ್ 12ರ ನಸುಕಿನಲ್ಲಿ ಸುಮಾರು ಇನ್ನೂರು ಮಂದಿ ರಷ್ಯಾದ ಸೈನಿಕರು ಬೋಸ್ನಿಯಾದಿಂದ ಓಡೋಡಿ ಬಂದು ಪ್ರಿಸ್ಟಿನಾದ ವಿಮಾನನಿಲ್ದಾಣದಲ್ಲಿ ಕುಳಿತುಬಿಟ್ಟರು. ಅವರನ್ನು ತಡೆಯಲು ನೇಟೋದ ಅಮೆರಿಕನ್ ಸರ್ವೋಚ್ಚ ದಂಡನಾಯಕ ವೆಸ್ಲಿ ಕ್ಲಾರ್ಕ್ ಆಜ್ಞೆ ಮಾಡಿದಾಗ, ಬ್ರಿಟಿಷ್ ಜನರಲ್ ಮೈಕ್ ಜಾಕ್ಸನ್ ಅದನ್ನು ಪಾಲಿಸಲು ಒಪ್ಪಲಿಲ್ಲ. ನಿಮಗಾಗಿ ನಾನು ಮೂರನೆಯ ಮಹಾಯುದ್ಧ ಹೂಡಲಾರೆ ಎಂಬರ್ಥದ ಉತ್ತರ ಕೊಟ್ಟರು. ಒಬ್ಬ ಸೇನಾನಿಯ ವಿವೇಕದಿಂದ ಅಂದು ಒಂದು ದೊಡ್ಡ ಅನಾಹುತ ತಪ್ಪಿತೆಂದೇ ಹೇಳಬೇಕು. ಆದರೆ ರಷ್ಯಾ ಆ ಅವಮಾನವನ್ನು ಮರೆಯಲಿಲ್ಲ.

2008ರ ಫೆಬ್ರವರಿ 17ರಂದು ಕೊಸೊವೊ ತಾನು ಸ್ವತಂತ್ರವೆಂದು ಸಾರಿತು. ಅಮೆರಿಕ, ಬ್ರಿಟನ್, ಫ್ರಾನ್ಸ್ ಮರುದಿನವೇ ಮಾನ್ಯತೆ ಕೊಟ್ಟವು. ಇದು ವಿಶಿಷ್ಟ ಪ್ರಕರಣ, ಬೇರೆಯವರಿಗೆ ನಿದರ್ಶನವಾಗದು ಎಂದು ಅವು ವಾದಿಸಿದವು. ಯುಗೊಸ್ಲಾವಿಯದ ಅಖಂಡತೆಯನ್ನು ಗೌರವಿಸುವೆವೆಂದು 1999ರ 1244ನೆಯ ನಿರ್ಣಯದಲ್ಲಿ ಭದ್ರತಾ ಮಂಡಳಿಯೇ ಹೇಳಿತ್ತಲ್ಲ ಎಂದು ರಷ್ಯಾ ಕೂಗಾಡಿತು. ಇದು ಕೆಟ್ಟ ಮೇಲ್ಪಂಕ್ತಿಯಾಗುವುದೆಂದು ಎಚ್ಚರಿಸಿತು. ಏಪ್ರಿಲ್ ಮೊದಲ ವಾರ ಬುಖಾರೆಸ್ಟಿನಲ್ಲಿ ನೇಟೋ ನಾಯಕರ ಸಭೆ ಸೇರಿತು. ಜಾರ್ಜಿಯಾ ಮತ್ತು ಉಕ್ರೇನ್‌ಗಳನ್ನು ಕೂಡಲೇ ಸದಸ್ಯತ್ವದ ಹಾದಿಗೆ ಹಚ್ಚಬೇಕೆಂದು ಅಮೆರಿಕ. ಬೇಡವೆಂದು ಜರ್ಮನಿ, ಫ್ರಾನ್ಸ್. ಕೊನೆಗೆ, ಮುಂದೊಂದು ದಿನ ಇಬ್ಬರೂ ಸದಸ್ಯರಾಗುವರು ಎಂದು ಘೋಷಿಸಿ, ದಿನವನ್ನಾಗಲಿ ರಕ್ಷಣೆಯನ್ನಾಗಲಿ ಕೊಡದೆ ಎದ್ದುಹೋದರು. ಹೆಣ್ಣು ನೋಡಿ ತಾಂಬೂಲ ಬದಲಿಸದೆ, ಊರಿಗೆಲ್ಲ ಮದುವೆಯ ಸುದ್ದಿ ಹಬ್ಬಿಸಿ ಹೋದಂತಾಯಿತು. ರಷ್ಯಾವನ್ನು ಕೆರಳಿಸಲು ಅಷ್ಟು ಸಾಕಾಗಿತ್ತು; ಜಾರ್ಜಿಯಾವನ್ನು ಕಾಯಲು ಅದು ಏನೂ ಸಾಲದು.

ಆಗಸ್ಟ್ 7ರ ರಾತ್ರಿ, ವಾರಗಟ್ಟಲೆ ನಡೆದಿದ್ದ ಚಕಮಕಿಗಳ ಬಳಿಕ, ಜಾರ್ಜಿಯಾದ ಫಿರಂಗಿಗಳು ತ್ಸ್ಖಿನ್ವಾಲಿಯ ಮೇಲೆ ಗುಂಡು ಸುರಿಸಿದವು. ನೆಲಮಾಳಿಗೆಗಳಲ್ಲಿ ಅಡಗಿದ ಜನರ ಜೊತೆಗೆ, ಅಲ್ಲಿದ್ದ ರಷ್ಯಾದ ಶಾಂತಿಪಾಲಕರಲ್ಲಿ ಕೆಲವರೂ ಮಡಿದರು. ಪರ್ವತವನ್ನು ಕೊರೆದು ಮಾಡಿದ ರೋಕಿ ಸುರಂಗದಿಂದ ರಷ್ಯಾದ ಟ್ಯಾಂಕುಗಳು ಸಾಲುಸಾಲಾಗಿ ಇಳಿದುಬಂದವು. ಅಂದು, ಆಗಸ್ಟ್ 8, ಬೀಜಿಂಗಿನಲ್ಲಿ ಒಲಿಂಪಿಕ್ ಕ್ರೀಡೆಗಳ ಉದ್ಘಾಟನೆ. ಅಮೆರಿಕದ ಅಧ್ಯಕ್ಷ ಬುಷ್, ರಷ್ಯಾದ ಪ್ರಧಾನಿ ಪುಟಿನ್ ಇಬ್ಬರೂ ಅಲ್ಲಿಯೇ ಇದ್ದರು. ಐದು ದಿನಗಳಲ್ಲಿ ಜಾರ್ಜಿಯಾದ ಸೇನೆ ಚದುರಿತು. ರಷ್ಯಾದ ಬಾಂಬುಗಳು ದಕ್ಷಿಣ ಒಸ್ಸೆಟಿಯಾದ ಗಡಿಯಲ್ಲಿಯೇ ನಿಲ್ಲದೆ ಸ್ಟಾಲಿನ್ ಹುಟ್ಟಿದ ಗೋರಿ ಪಟ್ಟಣದ ಮೇಲೆಯೂ ಬಿದ್ದವು. ಅಮೆರಿಕ ಮಾಡಿದ್ದಿಷ್ಟು: ಇರಾಕಿನಲ್ಲಿದ್ದ ಜಾರ್ಜಿಯಾದ ಸೈನಿಕರನ್ನು ತನ್ನ ವಿಮಾನಗಳಲ್ಲಿ ಊರಿಗೆ ತಲುಪಿಸಿತು; ಯುದ್ಧ ನಿಂತ ಮೇಲೆ ಯುದ್ಧನೌಕೆಗಳಲ್ಲಿ ಪರಿಹಾರ ಸಾಮಗ್ರಿ ಕಳುಹಿಸಿತು. ಆಗಸ್ಟ್ 12ರಂದು ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿಯವರ ಮಧ್ಯಸ್ಥಿಕೆಯಲ್ಲಿ ಕದನವಿರಾಮವಾಯಿತು.

ತಪ್ಪು ಯಾರದು? ಐರೋಪ್ಯ ಒಕ್ಕೂಟ ಸ್ವಿಸ್ ರಾಯಭಾರಿ ಹೈಡಿ ತಾಲ್ಯಾವಿನಿಯವರ ನೇತೃತ್ವದಲ್ಲಿ ನೇಮಿಸಿದ ತನಿಖಾ ಆಯೋಗ 2009ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಬಹಿರಂಗ ಯುದ್ಧವನ್ನು ಆರಂಭಿಸಿದ್ದು ಜಾರ್ಜಿಯಾದ ಫಿರಂಗಿ ದಾಳಿ, ಅದಕ್ಕೆ ಕಾನೂನಿನ ಸಮರ್ಥನೆ ಇಲ್ಲ ಎಂದಿತು. ಆದರೆ ಅದರ ಹಿಂದೆ ವರ್ಷಗಳ ಪ್ರಚೋದನೆ ಇತ್ತು, ರಷ್ಯಾದ ಪ್ರತಿದಾಳಿ ಆತ್ಮರಕ್ಷಣೆಯ ಎಲ್ಲೆಯನ್ನು ಬಹಳ ದೂರ ಮೀರಿತು ಎಂದೂ ಹೇಳಿತು. ಒಸ್ಸೆಟಿಯನರ ಜನಾಂಗಹತ್ಯೆ ನಡೆಯಿತೆಂಬ ರಷ್ಯಾದ ಆರೋಪಕ್ಕೆ ಆಧಾರವಿಲ್ಲ. ದಕ್ಷಿಣ ಒಸ್ಸೆಟಿಯಾದ ಜಾರ್ಜಿಯನರನ್ನು ಹೊರದಬ್ಬಿದ್ದು ಮಾತ್ರ ನಿಜ ಎಂದಿತು. ಸುಮಾರು 850 ಮಂದಿ ಸತ್ತಿದ್ದರು. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಎರಡು ಸಾವಿರ ಮಂದಿ ಸತ್ತರೆಂದು ಮೊದಲ ದಿನಗಳಲ್ಲಿ ರಷ್ಯಾದ ಕಡೆಯಿಂದ ಸಾರಿದ್ದರು. ತ್ಸ್ಖಿನ್ವಾಲಿಯ ಕಡೆ ಮಡಿದ ನಾಗರಿಕರು 162 ಎಂದು ಮುಂದೆ ರಷ್ಯಾದ ತನಿಖಾಧಿಕಾರಿಗಳೇ ಲೆಕ್ಕ ಕೊಟ್ಟರು. 162 ಮನೆಗಳ ದೀಪ ಆರಿದ್ದು ಸಣ್ಣ ಮಾತೇ? ಸೊನ್ನೆಗಳನ್ನು ಕೂಡಿಸಿದವರಿಗೆ ಅದು ಸಾಲದಾಗಿತ್ತು.

ಇನ್ನು ತಕ್ಕಡಿಯ ಮಾತು. ಆಗಸ್ಟ್ 26ರಂದು ರಷ್ಯಾ ಅಬ್ಖಾಜಿಯಾ ಮತ್ತು ದಕ್ಷಿಣ ಒಸ್ಸೆಟಿಯಾಗಳನ್ನು ಸ್ವತಂತ್ರ ರಾಷ್ಟ್ರಗಳೆಂದು ಮಾನ್ಯ ಮಾಡಿತು. ಆರು ತಿಂಗಳ ಹಿಂದೆ ಸರ್ಬಿಯಾದ ಅಖಂಡತೆಗಾಗಿ ವಾದಿಸಿದ ರಷ್ಯಾ ಈಗ ಸ್ವನಿರ್ಣಯದ ಹಕ್ಕನ್ನು ಹಿಡಿಯಿತು. ಕೊಸೊವೊದ ಸ್ವನಿರ್ಣಯವನ್ನು ಎತ್ತಿಹಿಡಿದ ಪಾಶ್ಚಾತ್ಯರು ಈಗ ಜಾರ್ಜಿಯಾದ ಅಖಂಡತೆಯನ್ನು ಹಿಡಿದರು. ಇಬ್ಬರು ವಕೀಲರು ಮಧ್ಯಾಹ್ನದ ವಿರಾಮದಲ್ಲಿ ತಮ್ಮ ಕಡತಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ನ್ಯಾಯಾಲಯಕ್ಕೆ ಬಂದಂತೆ! ಎರಡು ಪ್ರಕರಣಗಳಲ್ಲಿ ವ್ಯತ್ಯಾಸವಿಲ್ಲವೆಂದು ನಾವು ಹೇಳುತ್ತಿಲ್ಲ. ಕೊಸೊವೊದಲ್ಲಿ ಒಂಬತ್ತು ವರ್ಷ ವಿಶ್ವಸಂಸ್ಥೆಯ ಆಡಳಿತವಿತ್ತು, ಮಾತುಕತೆಗಳು ನಡೆದಿದ್ದವು; ಇಲ್ಲಿ ಮೂರು ವಾರಗಳೊಳಗೇ ಎಲ್ಲ ಮುಗಿಯಿತು. ಕೊಸೊವೊವನ್ನು ಸುಮಾರು ನೂರು ರಾಷ್ಟ್ರಗಳು ಒಪ್ಪಿದವು. ಇವನ್ನು ರಷ್ಯಾದ ಹಿಂದೆ ನಿಕರಾಗುವಾ, ವೆನೆಜುವೆಲಾ, ಪೆಸಿಫಿಕ್ ಸಾಗರದ ನೌರು ದ್ವೀಪದಂತಹ ಬೆರಳೆಣಿಕೆಯ ಕೆಲವೇ ರಾಷ್ಟ್ರಗಳು ಒಪ್ಪಿದವು. ಭಾರತ ಕೊಸೊವೊವನ್ನೂ ಒಪ್ಪಲಿಲ್ಲ, ಇವನ್ನೂ ಒಪ್ಪಲಿಲ್ಲ. ನಮ್ಮ ವಿದೇಶಾಂಗ ನೀತಿಯನ್ನು ಅಳೆದು ಸುರಿಯುವವರು ಬಹಳ. ಈ ಒಂದು ವಿಷಯದಲ್ಲಾದರೂ ಅದು ಒಂದೇ ಕಲ್ಲಿನಿಂದ ತೂಗಿದೆ.

ಗೆದ್ದವರು ಯಾರು? ತ್ಸ್ಖಿನ್ವಾಲಿಯ ಸುತ್ತಣ ಜಾರ್ಜಿಯನ್ ಹಳ್ಳಿಗಳನ್ನು ಸುಟ್ಟು ನೆಲಸಮ ಮಾಡಲಾಯಿತು. ಅಲ್ಲಿಂದ ಓಡಿಬಂದವರಿಗಾಗಿ ಹೆದ್ದಾರಿಯ ಪಕ್ಕದಲ್ಲಿ ತ್ಸೆರೊವಾನಿ ಎಂಬಲ್ಲಿ ಒಂದೇ ಅಚ್ಚಿನ ಸುಮಾರು ಎರಡು ಸಾವಿರ ಪುಟ್ಟ ಮನೆಗಳನ್ನು ಜಾರ್ಜಿಯಾ ಸರ್ಕಾರ ಕಟ್ಟಿಸಿತು. ಸೇಬಿನ ತೋಟಗಳನ್ನು ಬಿಟ್ಟುಬಂದವರು ಕಾರು ಲಾರಿಗಳ ಸದ್ದಿನಲ್ಲಿ ಮುದುಕರಾಗುತ್ತಿದ್ದಾರೆ. 2009ರಲ್ಲಿ ರಷ್ಯಾ ತನ್ನ ವಿಟೋ ಬಳಸಿ ವಿಶ್ವಸಂಸ್ಥೆಯ ವೀಕ್ಷಕರನ್ನು ಮನೆಗೆ ಕಳುಹಿಸಿತು. ಉಳಿದವರು ಐರೋಪ್ಯ ಒಕ್ಕೂಟದ ನಿರಾಯುಧ ವೀಕ್ಷಕರು. ಅವರಿಗೂ ಗೆರೆಯ ಆಚೆ ಪ್ರವೇಶವಿಲ್ಲ. ಆ ಗೆರೆಯಾದರೂ ನಿಂತಲ್ಲಿ ನಿಲ್ಲುವುದಿಲ್ಲ. ಹೊಲಗಳ ನಡುವೆ, ಕೆಲವೆಡೆ ಅಂಗಳಗಳ ನಡುವೆಯೇ, ರಷ್ಯಾದ ಕಾವಲುಗಾರರು ಮುಳ್ಳುತಂತಿ ಬಿಗಿಯುತ್ತಾರೆ. ನಿನ್ನೆ ತನ್ನ ಹೊಲಕ್ಕೆ ಹೋದ ರೈತ ಇಂದು ಹೋದರೆ ಗಡಿ ದಾಟಿದ ಅಪರಾಧಿ. 2015ರ ಜುಲೈನಲ್ಲಿ ಗಡಿಯ ಫಲಕಗಳನ್ನು ಮುಂದಕ್ಕೆ ನೆಟ್ಟಾಗ ಬಾಕು–ಸುಪ್ಸಾ ತೈಲಕೊಳವೆಯ 1.6 ಕಿಲೋಮೀಟರ್ ಭಾಗ ಕೂಡ ಆಚೆ ಕಡೆಗೆ ಸೇರಿಹೋಯಿತು.

ರಷ್ಯಾದ ಆಸರೆ ಪಡೆದವರಾದರೂ ನೆಮ್ಮದಿಯಿಂದಿರುವರೇ? ರಷ್ಯಾದ ಬಂಡವಳಿಗರಿಗೆ ಬಾಗಿಲು ತೆರೆಯುವ ಒಪ್ಪಂದವೊಂದನ್ನು ವಿರೋಧಿಸಿ 2024ರ ನವೆಂಬರ್ 15ರಂದು ಅಬ್ಖಾಜರೇ ಸುಖುಮಿಯ ಸಂಸತ್ ಭವನಕ್ಕೆ ನುಗ್ಗಿದರು. ನಾಲ್ಕು ದಿನಗಳಲ್ಲಿ ಅವರ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ತಮ್ಮ ಕರಾವಳಿಯ ಮನೆ ಮಾರುಗಳನ್ನು ಹಣವುಳ್ಳವರು ಕೊಂಡು, ತಾವು ತಮ್ಮ ನೆಲದಲ್ಲಿಯೇ ಪರಕೀಯರಾಗುವ ಭಯ ಅವರದು. ಅದೇ ತಿಂಗಳು ತ್ಬಿಲಿಸಿಯಲ್ಲಿ ಜಾರ್ಜಿಯಾ ಸರ್ಕಾರ ಐರೋಪ್ಯ ಒಕ್ಕೂಟದೊಡನೆ ಸದಸ್ಯತ್ವದ ಮಾತುಕತೆಯನ್ನು 2028ರವರೆಗೆ ಮುಂದೂಡುವುದಾಗಿ ಸಾರಿತು. ಯುವಜನರು ರಾತ್ರಿಯ ಚಳಿಯಲ್ಲಿ ಬೀದಿಗಿಳಿದರು. ಒಂದೇ ತಿಂಗಳಲ್ಲಿ, ಗೆರೆಯ ಎರಡು ಕಡೆಗಳಲ್ಲಿ, ಇಬ್ಬರು ದೊಡ್ಡವರ ವಿಷಯವಾಗಿ ಎರಡು ದಂಗೆಗಳು. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಲಿಲ್ಲ.

2014ರಲ್ಲಿ ಕ್ರಿಮಿಯಾವನ್ನು ಸೇರಿಸಿಕೊಂಡಾಗ ರಷ್ಯಾ ಕೊಸೊವೊದ ನಿದರ್ಶನವನ್ನೇ ಎತ್ತಿ ತೋರಿಸಿತು. 2022ರ ಫೆಬ್ರವರಿ 21ರಂದು ಡೊನೆಟ್ಸ್ಕ್, ಲುಹಾನ್ಸ್ಕ್‌ಗಳಿಗೆ ಮಾನ್ಯತೆ ಕೊಟ್ಟಿತು. ಅಲ್ಲಿಯೂ ಮುಂಚಿತವಾಗಿಯೇ ಪಾಸ್‌ಪೋರ್ಟುಗಳು ಹಂಚಿಕೆಯಾಗಿದ್ದವು. ಮೂರು ದಿನಗಳ ನಂತರ ಸೇನೆ ಹೊರಟಿತು. ಒಂದು ವಾರವೂ ಆಗಿರಲಿಲ್ಲ, ಖಾರ್ಕಿವ್‌ನಿಂದ ಆ ಸುದ್ದಿ ಕರ್ನಾಟಕಕ್ಕೆ ಬಂದಿತು.

ಅಬ್ಖಾಜಿಯಾದ ಅಂಚಿನಲ್ಲಿ ಇಂಗುರಿ ಎಂಬ ನದಿ ಹರಿಯುತ್ತದೆ. ಅದಕ್ಕೆ ಕಟ್ಟಿದ 271 ಮೀಟರಿಗೂ ಎತ್ತರದ ಅಣೆಕಟ್ಟು ಜಾರ್ಜಿಯಾದ ಕೈಯಲ್ಲಿದೆ. ನೀರು ಸುರಂಗದಲ್ಲಿ ಹರಿದು ಬೀಳುವ ವಿದ್ಯುದಾಗಾರ ಅಬ್ಖಾಜರ ಕೈಯಲ್ಲಿದೆ. ಒಬ್ಬರು ನೀರು ಬಿಡದಿದ್ದರೆ ಇನ್ನೊಬ್ಬರ ಯಂತ್ರ ತಿರುಗದು. ಯಂತ್ರ ತಿರುಗದಿದ್ದರೆ ಇಬ್ಬರ ಮನೆಗೂ ಬೆಳಕಿಲ್ಲ. ಆದುದರಿಂದ ಯುದ್ಧವಾದ ಮೇಲೂ, ಎರಡು ಸರ್ಕಾರಗಳು ಒಂದನ್ನೊಂದು ಒಪ್ಪದಿದ್ದರೂ, ವಿದ್ಯುತ್ತನ್ನು ಸುಮಾರು 60ಕ್ಕೆ 40ರಂತೆ ಹಂಚಿಕೊಳ್ಳುವ ರೂಢಿ ನಡೆದುಬಂದಿದೆ. ನದಿನೀರಿನ ವ್ಯಾಜ್ಯಗಳನ್ನು ಕಂಡಿರುವ ನಮಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. 2021ರ ಆರಂಭದಲ್ಲಿ ಆ ಸುರಂಗದ ದುರಸ್ತಿಗಾಗಿ ಕೆಲವು ತಿಂಗಳು ಯಂತ್ರಗಳನ್ನು ನಿಲ್ಲಿಸಬೇಕಾಯಿತು. ದುರಸ್ತಿಗೆ ಹಣ ಬಂದದ್ದು ಯುರೋಪಿನಿಂದ; ಅಷ್ಟು ದಿನ ಅಬ್ಖಾಜಿಯಾಕ್ಕೆ ವಿದ್ಯುತ್ತು ಬಂದದ್ದು ರಷ್ಯಾದಿಂದ. ಕೆಲಸ ಮುಗಿದ ಮೇಲೆ ಅಣೆಕಟ್ಟಿನ ಕಡೆಯವರು ನೀರು ಬಿಟ್ಟರು, ವಿದ್ಯುದಾಗಾರದ ಕಡೆಯವರು ಯಂತ್ರ ಚಾಲೂ ಮಾಡಿದರು.